ಓಡುವವನು ಹರೀಶ, ಫೋಟೊ ಪುಟ್ಟಿಯದು

ಗುಂಪು: ಮನೆಮಂದಿ, ಹಾಸನ

ಹರೀಶ, ಬೆಳಗ್ಗೆ 6:10
ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡುತ್ತಿದ್ದೇನೆ. 42.195 ಕಿಲೋಮೀಟರ್. ಅಪಸ್ಮಾರವಿರುವ ಬಡ ಮಕ್ಕಳ ಚಿಕಿತ್ಸೆಗೆ 2 ಲಕ್ಷ ರೂಪಾಯಿ ಕೂಡಿಸುವ ಗುರಿ. ಈ ಮಹಾಮಾರಿಯೊಡನೆ ಹೋರಾಡುತ್ತಿರುವ ನಮ್ಮ ಮನೆಯ ಪುಟ್ಟ ದೇವತೆಗಾಗಿ ಈ ಓಟ. ಕೈಲಾದಷ್ಟು ಕೊಡಿ. ಮೇಲೆ ಪುಟ್ಟಿಯ ಫೋಟೊ, ಕೆಳಗೆ ಹಣ ಕಳುಹಿಸುವ ಕೊಂಡಿ.

ದೊಡ್ಡಪ್ಪ, 6:32
ಶುಭವಾಗಲಿ. ಒಂದು ಅನುಮಾನ. ಹಾಸನದಿಂದ ಬೇಲೂರಿಗೆ ಹೆಚ್ಚೂಕಡಿಮೆ ಅಷ್ಟೇ ದೂರ. ಕಾಲೇಜಿನ ಕಾಲದಲ್ಲಿ ಬಸ್ ತಪ್ಪಿ ಅದರಲ್ಲಿ ಅರ್ಧ ದಾರಿ ನಡೆದಿದ್ದೇನೆ, ಯಾರೂ ನಾಲ್ಕಾಣೆ ಕೊಡಲಿಲ್ಲ. ಶೂ, ವಿಮಾನ, ಹೋಟೆಲು, ನೋಂದಣಿ ಶುಲ್ಕ ಎಲ್ಲ ಲೆಕ್ಕ ಹಾಕಿ ನೇರವಾಗಿ ಆ ಮಕ್ಕಳಿಗೇ ಕೊಟ್ಟರೆ ಆಗದೇ?

ಹರೀಶ, 6:40
ದೊಡ್ಡಪ್ಪ, ಆ ಖರ್ಚು ನನ್ನ ಜೇಬಿನದು. ದೇಣಿಗೆಯಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಸುಮ್ಮನೆ ಕೇಳಿದರೆ ಕಚೇರಿಯವರು ‘ನೋಡೋಣ’ ಎನ್ನುತ್ತಾರೆ. ನಾಲ್ಕಕ್ಕೆ ಎದ್ದು ಮೂವತ್ತು ಕಿಲೋಮೀಟರ್ ಓಡಿ ಕುಂಟುತ್ತಾ ಬಂದವನು ಕೇಳಿದರೆ ನಾಚಿಕೆಗಾದರೂ ಕೊಡುತ್ತಾರೆ.

ದೊಡ್ಡಪ್ಪ, 6:44
ಅಂದರೆ ನಿನ್ನ ಮಂಡಿ ಸವೆಯಬೇಕು, ಅವರಿಗೆ ಮುಜುಗರವಾಗಬೇಕು. ಇರಲಿ.

ಪದ್ಮ ಚಿಕ್ಕಮ್ಮ, 7:05
ಓಟದ ವಿಷಯ ಆಮೇಲೆ. ಮೊದಲು ಆ ಫೋಟೊ ತೆಗೆ. ಒಂಬತ್ತು ವರ್ಷದ ಹೆಣ್ಣು ಮಗು. ಈ ಗುಂಪಿನಿಂದ ಬೀಗರ ಗುಂಪಿಗೆ ಹೋಗಲು ಎಷ್ಟು ಹೊತ್ತು ಬೇಕು? ನಾಳೆ ಗಂಡು ಹುಡುಕುವಾಗ ಇದೇ ಎದುರಿಗೆ ಬರುತ್ತದೆ.

ನಾನು, 7:12
ಚಿಕ್ಕಮ್ಮ, ಮದುವೆಗೆ ಅಡ್ಡಿಯಾಗುವ ಕಾಯಿಲೆಗಳ ಸಾಲಿನಿಂದ ಅಪಸ್ಮಾರವನ್ನು ಹಿಂದೂ ವಿವಾಹ ಕಾಯಿದೆಯೇ 1999ರಲ್ಲಿ ಕೈಬಿಟ್ಟಿದೆ.

ಪದ್ಮ ಚಿಕ್ಕಮ್ಮ, 7:13
ಹೆಣ್ಣು ನೋಡಲು ಕಾಯಿದೆ ಬರುವುದಿಲ್ಲ, ಬೀಗಿತ್ತಿ ಬರುತ್ತಾಳೆ.

ನಾಗರಾಜ ಮಾವ, 7:30
ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ. ನಮ್ಮ ತೋಟದ ಆಳಿಗೆ ನಾನೇ ಕೊಟ್ಟು ನೋಡಿದ್ದೇನೆ. ಅದಕ್ಕೆ 2 ಲಕ್ಷ ಏಕೆ?

ನಾನು, 7:41
ಮಾವ, ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಮುಗಿದಿರುತ್ತದೆ, ಹೆಸರು ಬೀಗದ ಕೈಗೆ. ನನ್ನ ಔಷಧಿ ಅಂಗಡಿಯಲ್ಲಿ ನೋಡುತ್ತಲೇ ಇದ್ದೇನೆ: ಮೂರು ತಿಂಗಳು ಬರಲಿಲ್ಲವೆಂದು ಯಾರನ್ನೂ ಕೇಳದೆ ಮಗುವಿನ ಮಾತ್ರೆ ನಿಲ್ಲಿಸುತ್ತಾರೆ, ಮತ್ತೆ ಬಂದಾಗ ಚೀಟಿ ಹಿಡಿದು ಓಡಿ ಬರುತ್ತಾರೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70ರವರೆಗೂ ಜನ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸುಧಾ ಅಕ್ಕ, 8:52
ಡಬ್ಬಿ ಕಟ್ಟುತ್ತಾ ಎಲ್ಲವನ್ನೂ ಓದಿದೆ. ಅವಳನ್ನು ಶಾಲೆಗೆ ಬಿಟ್ಟು ಬಂದು ಬರೆಯುತ್ತಿದ್ದೇನೆ.

ಹರೀಶ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಅವಳು ದೇವತೆಯೂ ಅಲ್ಲ, ಯಾವುದರೊಡನೆಯೂ ಹೋರಾಡುತ್ತಿಲ್ಲ. ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುತ್ತಾಳೆ, ಗಣಿತದ ಮನೆಗೆಲಸ ತಪ್ಪಿಸುತ್ತಾಳೆ. ಮಹಾಮಾರಿ ಎಂದರೆ ಅಂಟುವ ರೋಗ. ಪಕ್ಕದಲ್ಲಿ ಕೂರುವ ಹುಡುಗಿಯ ತಾಯಿ ಅದನ್ನು ಓದಿದರೆ ನಾಳೆಯೇ ಬೆಂಚು ಬದಲಾಗುತ್ತದೆ.

ಚಿಕ್ಕಮ್ಮ, ಫೋಟೊ ತೆಗೆಯಲಿ ಎನ್ನುವುದರಲ್ಲಿ ನಾನು ನಿಮ್ಮ ಕಡೆ. ಕಾರಣದಲ್ಲಿ ಅಲ್ಲ. ಮುಚ್ಚಿಟ್ಟರೆ ಏನಾಗುತ್ತದೆಂದು ಹೋದ ದೀಪಾವಳಿಯಲ್ಲಿ ನೋಡಿದ್ದೇವೆ. ನರಕ ಚತುರ್ದಶಿಯ ಎಣ್ಣೆಸ್ನಾನ. ನಾನು ಹಾಸನಾಂಬೆಯ ದರ್ಶನದ ಸಾಲಿನಲ್ಲಿದ್ದೆ. ತಲೆಯ ಮೇಲೆ ಬಿಸಿನೀರು ಬಿದ್ದರೆ ಅವಳಿಗೆ ಫಿಟ್ಸ್ ಬರುತ್ತದೆಂದು ನಿಮಗೆ ಯಾರಿಗೂ ನಾನು ಹೇಳಿರಲಿಲ್ಲ. ಹಾಗೂ ಒಂದು ಬಗೆ ಇದೆ, ನಮ್ಮ ಕರ್ನಾಟಕದ ಕಡೆಯೇ ಹೆಚ್ಚು. ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ನೀವು ಪ್ರೀತಿಯಿಂದಲೇ ಹಂಡೆಯ ಹಬೆಯಾಡುವ ನೀರನ್ನು ಮೂರು ತಂಬಿಗೆ ಸುರಿದಿರಿ. ನಾಲ್ಕನೆಯದಕ್ಕೆ ಗೋಡೆ ನೋಡುತ್ತಾ ನಿಂತಳಂತೆ. ಸೀಗೆಪುಡಿ ಕಣ್ಣಿಗೆ ಇಳಿದರೂ ರೆಪ್ಪೆ ಬಡಿಯಲಿಲ್ಲವಂತೆ. ಆಮೇಲೆ ಬಿದ್ದಳು. ಮಾವ ಬೀಗದ ಕೈ ತಂದರು, ಯಾರೋ ಹಲ್ಲಿನ ನಡುವೆ ಚಮಚ ತುರುಕಿದರು. ನಾನು ಬರುವಾಗ ಮಗು ನಿದ್ದೆಯಲ್ಲಿತ್ತು, ಮುಂದಿನ ಹಲ್ಲಿನ ಚೂರು ಬಚ್ಚಲ ಕಲ್ಲಿನ ಮೇಲಿತ್ತು. ಫಿಟ್ಸ್ ಬಂದದ್ದು ಅವಳಿಗೆ ನೆನಪಿಲ್ಲ. ಹಲ್ಲು ದಿನವೂ ಕನ್ನಡಿಯಲ್ಲಿ ಕಾಣುತ್ತದೆ. ತಪ್ಪು ನಿಮ್ಮದೆನ್ನುತ್ತಿಲ್ಲ, ಹೇಳದೆ ಇದ್ದವಳು ನಾನು.

ಹರೀಶ, ಫೋಟೊ ಇದ್ದ ಜಾಗದಲ್ಲಿ ಇದನ್ನು ಬರೆ: ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, ಒತ್ತಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ನೀರೂ ಬೇಡ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ದುಡ್ಡು ಕೊಡದವರೂ ಅಷ್ಟನ್ನು ಓದಲಿ.

ಹರೀಶ, 9:03
ತಪ್ಪಾಯಿತು ಅಕ್ಕ. ತೆಗೆದುಬಿಟ್ಟೆ. ಆದರೆ ಮಗುವಿನ ಮುಖ ಕಾಣದಿದ್ದರೆ ಜನ ಕೊಡುವುದು ಕಡಿಮೆ, ಅದಕ್ಕೇ ಹಾಕಿದ್ದೆ.

ಸುಧಾ ಅಕ್ಕ, 9:04
ನಿನ್ನ ಮುಖ ಹಾಕು. ಓಡುವವನು ನೀನು.

ದೊಡ್ಡಪ್ಪ, 9:10
ಅದು ನ್ಯಾಯ. ಗಡಿಯಾರದ ಮಾತನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಂಡೆ. 5,000 ಕಳುಹಿಸಿದ್ದೇನೆ. ಓಟಕ್ಕಲ್ಲ, ಯಾವುದಾದರೂ ಹಳ್ಳಿಯ ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಬಸ್ ಚಾರ್ಜಿಗೆ. ತೆರಿಗೆ ವಿನಾಯಿತಿಯ ರಸೀದಿ ಬರುತ್ತದೆಯೇ?

ಹರೀಶ, 9:12
ಬರುತ್ತದೆ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಅದರಿಂದ ಉಪಯೋಗವಿಲ್ಲ.

ದೊಡ್ಡಪ್ಪ, 9:12
ಇದನ್ನು ಮೊದಲೇ ಹೇಳಬಾರದಿತ್ತೇ?

ನಾಗರಾಜ ಮಾವ, 9:15
ಕಬ್ಬಿಣ ಕೊಡುವುದರಿಂದ ತೊಂದರೆಯಂತೂ ಇಲ್ಲವಲ್ಲ?

ನಾನು, 9:16
ಅದನ್ನು ಹುಡುಕುವ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿರಿ, ಮಾವ.

ಪದ್ಮ ಚಿಕ್ಕಮ್ಮ, 9:48
ಸುಧಾ, ಚಮಚ ಹಾಕಿದ್ದು ನಾನು. ಈ ದೀಪಾವಳಿಗೂ ಕರೆದುಕೊಂಡು ಬಾ. ನೀರನ್ನು ನೀನೇ ಹದ ಮಾಡು.

ಸುಧಾ ಅಕ್ಕ, 9:50
ಬರುತ್ತೇನೆ ಚಿಕ್ಕಮ್ಮ. ಉಗುರುಬೆಚ್ಚಗಿನ ನೀರು, ಮೊದಲು ಮೈಗೆ. ತಲೆಗೆ ಕೊನೆಯಲ್ಲಿ, ಎರಡೇ ತಂಬಿಗೆ.

ಪದ್ಮ ಚಿಕ್ಕಮ್ಮ, 9:51
ಎರಡು ತಂಬಿಗೆಗೆ ಎಣ್ಣೆ ಹೋಗುತ್ತದೆಯೇ?