ಬಡ ಮಕ್ಕಳಿಗೆ ನಾಟಕ ಮಾಡಿಸ್ತಿದೀನಿ, ಅವರದೇ ಕಥೆ ಆಡಿಸ್ಬೇಕಾ ಬೇಡ್ವಾ?

ಸಂಜೆಕ್ಲಾಸು
ಎಲ್ರಿಗೂ ನಮಸ್ಕಾರ. ಕೆಲಸ ಮುಗಿಸ್ಕೊಂಡು ವಾರಕ್ಕೆ ಮೂರು ದಿನ ಮಕ್ಕಳಿಗೆ ಪಾಠ ಹೇಳ್ಕೊಡ್ತೀನಿ, ಇಪ್ಪತ್ತು ಮಕ್ಕಳಿರಬಹುದು, ಎಂಟು ವರ್ಷದಿಂದ ಹದಿನಾಲ್ಕರವರೆಗೆ, ಬಹುತೇಕರ ಅಪ್ಪ ಅಮ್ಮ ದಿನಗೂಲಿ. ಎರಡು ತಿಂಗಳ ಹಿಂದೆ ಪಾಠದ ಜೊತೆ ನಾಟಕಾನೂ ಶುರು ಮಾಡಿದೆ. ಈಗ ನಮಗೆ ದುಡ್ಡು ಕೊಡೋ ಸಂಸ್ಥೆಯವರು "ಮಕ್ಕಳು ಅವರದೇ ಬದುಕು ಆಡಿ ತೋರಿಸ್ಲಿ, ದಾನಿಗಳು ಬರ್ತಾರೆ, ನೋಡಿದೋರ ಕಣ್ಣಲ್ಲಿ ನೀರು ಬರ್ಬೇಕು" ಅಂತಿದಾರೆ. ನನಗೆ ಯಾಕೋ ಸರಿ ಕಾಣ್ತಿಲ್ಲ, ಆದ್ರೆ ಯಾಕೆ ಅಂತ ಬಾಯಿಬಿಟ್ಟು ಹೇಳೋಕೂ ಬರ್ತಿಲ್ಲ.

ಇನ್ನೆರಡು ತಲೆನೋವು. ದಿನಾ ಅರ್ಧ ಮಕ್ಕಳು ಇರಲ್ಲ, ಪಾರ್ಟ್ ಕೊಟ್ಟೋನೇ ತಾಲೀಮಿಗೆ ನಾಪತ್ತೆ. ಮತ್ತೆ ಹತ್ತು ವರ್ಷದ ಒಬ್ಳು ಹುಡುಗಿ, ತಮ್ಮನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಬರ್ತಾಳೆ, ಗೋಡೆಗೆ ಒರಗಿ ನಿಲ್ತಾಳೆ, ತುಟಿ ಪಿಟಕ್ ಅನ್ನಲ್ಲ. ಆದ್ರೆ ಒಂದಿನಾನೂ ತಪ್ಪಿಸಿಲ್ಲ.

ಹಳೇನೇಪಥ್ಯ
ಮೊದ್ಲು ಸ್ಕ್ರಿಪ್ಟ್ ಮಡಚಿಡಿ ಸರ್, ಆಟದಿಂದ ಶುರು ಮಾಡಿ. ಇದೇನು ನನ್ನ ತಲೆಯಿಂದ ಬಂದಿದ್ದಲ್ಲ. ವಯೋಲಾ ಸ್ಪೋಲಿನ್ ಅಂತ ಅಮೆರಿಕದವರು, 1920ರ ದಶಕದಲ್ಲಿ ಶಿಕಾಗೋದ ಹಲ್ ಹೌಸಲ್ಲಿ ಗುಂಪಿನ ಆಟಗಳನ್ನ ಹೇಳ್ಕೊಡ್ತಿದ್ದ ನೀವಾ ಬಾಯ್ಡ್ ಹತ್ರ ಕಲಿತೋರು, ವಲಸೆ ಬಂದ ಬಡ ಕುಟುಂಬಗಳ ಮಧ್ಯೆ ಇದ್ದ ಸೇವಾಕೇಂದ್ರ ಅದು. ಆಮೇಲೆ 1939ರ ಹೊತ್ತಿಗೆ ಸರ್ಕಾರದ ಮನರಂಜನಾ ಯೋಜನೆಲಿ ನಾಟಕ ನೋಡ್ಕೊಳ್ತಿದ್ದಾಗ, ಬರೋರ ಹಿನ್ನೆಲೆ ಒಬ್ಬರದ್ದು ಒಂದೊಂದು ಥರ, ಹೀಗೆ ನಟಿಸು ಹಾಗೆ ನಟಿಸು ಅಂದ್ರೆ ಕೆಲಸ ಆಗಲ್ಲ, ಅದಕ್ಕೇ ನಟನೆನೇ ಆಟ ಮಾಡಿಬಿಟ್ರು.

ಕನ್ನಡಿ ಆಟ ಆಡಿಸಿ ನೋಡಿ. ಇಬ್ಬರು ಎದುರುಬದುರು ನಿಲ್ಲೋದು, ಒಬ್ಬ ಕೈ ಎತ್ತಿದ್ರೆ ಇನ್ನೊಬ್ಬನೂ ಅದೇ ವೇಗದಲ್ಲಿ ಎತ್ತೋದು, ಆಮೇಲೆ ಅದಲು ಬದಲು, ಕೊನೆಗೆ ಯಾರು ಯಾರನ್ನ ಅನುಸರಿಸ್ತಿದಾರೆ ಅಂತಾನೇ ಗೊತ್ತಾಗಲ್ಲ. ಎದುರಿನವರ ಮೇಲೇ ಕಣ್ಣಿರೋದ್ರಿಂದ ತನ್ನನ್ನ ಯಾರೋ ನೋಡ್ತಿದಾರೆ ಅನ್ನೋದು ಮಗುಗೆ ಮರೆತೇ ಹೋಗುತ್ತೆ.

ಹಾಜರಿ ವಿಷಯ: ಒಬ್ಬನಿಗೆ ಒಂದೇ ಪಾರ್ಟ್ ಅನ್ನೋದನ್ನ ಬಿಡಿ. ಮೇಳ ಇಟ್ಕೊಳ್ಳಿ, ಎಲ್ರಿಗೂ ಎಲ್ಲಾ ಮಾತೂ ಬರ್ಲಿ, ಅವತ್ತು ಬಂದೋರು ಅವತ್ತು ಆಡ್ಲಿ. ನಿನ್ನೆ ಯಾಕೋ ಬರ್ಲಿಲ್ಲ ಅಂತ ಎಲ್ಲರ ಮುಂದೆ ಕೇಳ್ಬೇಡಿ, ಮನೇಲಿ ಕೆಲಸ ಇರುತ್ತೆ, ಅದನ್ನ ಹೇಳೋಕೆ ನಾಚಿಕೆ ಆಗಿ ಮಾರನೇ ದಿನಾನೂ ಬರಲ್ಲ. ಆ ಹುಡುಗಿಗೆ ಪಾರ್ಟ್ ಕೊಡೋ ಆತುರ ಬೇಡ. ದಿನಾ ಬಂದು ಗೋಡೆಗೆ ಒರಗೋ ಮಗುಗೆ ಅಷ್ಟರಲ್ಲಿ ಎಲ್ಲರ ಮಾತೂ ಬಾಯಿಪಾಠ ಆಗಿರುತ್ತೆ, ಹಿಂದಿನಿಂದ ಮಾತು ಎತ್ತಿಕೊಡೋ ಕೆಲಸ ಕೊಡಿ.

ಕೊನೇಸಾಲು
ನಾನು ಆ ಕಡೆಯವನು, ಅಂದ್ರೆ ಆಡಿದೋನು. ಹನ್ನೊಂದು ವರ್ಷ ಇದ್ದಾಗ ಒಂದು ಸಂಸ್ಥೆಯವರು ಕುಡುಕ ಅಪ್ಪನ ಕೈಲಿ ಹೊಡೆಸ್ಕೊಳ್ಳೋ ಮಗನ ಪಾರ್ಟ್ ಕೊಟ್ರು. ನಮ್ಮಪ್ಪ ಕುಡೀತಿದ್ದದ್ದು ಅವರಿಗೆ ಗೊತ್ತಿತ್ತು, ಅದಕ್ಕೇ ನನಗೇ ಕೊಟ್ಟಿದ್ದು. ಸಿಕ್ಕಾಪಟ್ಟೆ ಚಪ್ಪಾಳೆ. ಯಾರೋ ತಲೆ ಸವರಿ ಫೋಟೋ ತೆಗೆಸ್ಕೊಂಡ್ರು. ನಮ್ಮಪ್ಪ ಕೊನೇ ಸಾಲಲ್ಲಿ ನಿಂತಿದ್ದ, ಅವತ್ತು ಕುಡಿದಿರ್ಲಿಲ್ಲ, ಶರ್ಟ್ ಇಸ್ತ್ರಿ ಮಾಡಿಸ್ಕೊಂಡು ಬಂದಿದ್ದ. ಮನೆಗೆ ಹೋಗೋವರೆಗೂ ಇಬ್ರೂ ಮಾತಾಡ್ಲಿಲ್ಲ.

ಮಾರನೇ ವರ್ಷ ಬೇರೆ ಮೇಷ್ಟ್ರು ಬಂದ್ರು, ನನಗೆ ರಾಜನಿಗೇ ತಮಾಷೆ ಮಾಡೋ ವಿದೂಷಕನ ಪಾರ್ಟ್. "ಕಿರುಚಬೇಡ, ಕೊನೇ ಸಾಲಿನೋರ ಹತ್ರ ಮಾತಾಡು" ಅಂತ ಒಂದೇ ಮಾತನ್ನ ನಲವತ್ತು ಸಲ ಹೇಳಿಸಿದ್ರು. ದೊಡ್ಡೋನಾದ್ಮೇಲೆ ಮೇಸ್ತ್ರಿ ಹತ್ರ ಬಾಕಿ ಕೂಲಿ ಕೇಳೋಕೆ ನಿಂತಾಗ ನನ್ನ ಬಾಯಿಂದ ಬಂದಿದ್ದು ಆ ವಿದೂಷಕನ ಗಂಟಲು. ಕೂಲಿ ಪೂರ್ತಿ ಸಿಗ್ಲಿಲ್ಲ, ಅದು ಬೇರೆ ಮಾತು.

ಸಂಸ್ಥೆಯವರಿಗೆ ಕಾಗದದ ಭಾಷೆಲೇ ಹೇಳ್ಬೇಕು ಅಂದ್ರೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ತೋರಿಸಿ. 12ನೇ ವಿಧಿಲಿ ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡೋ ಹಕ್ಕಿದೆ, 31ರಲ್ಲಿ ಆಟ, ಕಲೆ ಇದೆ, ಮಧ್ಯೆ 16ರಲ್ಲಿ ಖಾಸಗಿತನಾನೂ ಇದೆ. ಅದನ್ನ ಯಾರೂ ಓದಲ್ಲ.

ಮಗ್ಗಿಮೇಷ್ಟ್ರು
ಬೇಜಾರಾಗ್ಬೇಡಿ, ಹೊಟ್ಟೆಗೆ ಸರಿಯಾಗಿಲ್ದೆ ಇರೋ ಮಕ್ಕಳಿಗೆ ನಾಟಕ ಯಾಕ್ರೀ, ಅದೇ ಟೈಮಲ್ಲಿ ನಾಲ್ಕು ಲೆಕ್ಕ ಹೇಳ್ಕೊಡಿ.

ಹಳೇನೇಪಥ್ಯ
@ಮಗ್ಗಿಮೇಷ್ಟ್ರು ನಾಟಕದಿಂದ ಬಡತನ ಹೋಗುತ್ತೆ ಅಂತ ಯಾರೂ ಹೇಳ್ತಿಲ್ಲ ಸರ್. ಹಾಗೆ ಹೇಳೋರು ಸಿಕ್ಕಿದ್ರೆ ನಾನೂ ನಿಮ್ಮ ಕಡೆನೇ. ಆದ್ರೆ ಲೆಕ್ಕ ಅರ್ಥ ಆಗ್ಲಿಲ್ಲ ಅಂತ ಎದ್ದು ಕೇಳೋಕೂ ಬಾಯಿ ಬರ್ಬೇಕಲ್ವಾ. ಹೊಟ್ಟೆ ವಿಷಯ ಮಾತ್ರ ನಿಜ, ತಾಲೀಮಿಗೆ ಮುಂಚೆ ತಿನ್ನೋಕೆ ಏನಾದ್ರೂ ಕೊಡ್ಲೇಬೇಕು.

ನಿಲ್ಸಿಅಂದೋನು
ಬದುಕಿನ ಕಥೆ ಬೇಡ್ವೇ ಬೇಡ ಅಂತ ನಾನು ಹೇಳಲ್ಲ. ಯಾರ ಮುಂದೆ, ಯಾತಕ್ಕೆ ಅನ್ನೋದು ಮುಖ್ಯ. ಬ್ರೆಜಿಲ್‌ನ ನಾಟಕ ನಿರ್ದೇಶಕ ಆಗಸ್ಟೋ ಬೋಲ್ 1973ರಲ್ಲಿ ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡ್ತಾ ಕಂಡ್ಕೊಂಡಿದ್ದು ಫೋರಂ ಥಿಯೇಟರ್. ಚಿಕ್ಕ ದೃಶ್ಯ, ಕೊನೆ ಕೆಟ್ಟದ್ದು. ಉದಾಹರಣೆಗೆ, ತಮ್ಮನ್ನ ನೋಡ್ಕೊಳ್ಳೋಕೆ ಅಂತ ಅಕ್ಕನ್ನ ಸ್ಕೂಲ್ ಬಿಡಿಸ್ತಾರೆ. ಅದನ್ನೇ ಮತ್ತೆ ಆಡೋದು, ಈ ಸಲ ನೋಡ್ತಿರೋರಲ್ಲಿ ಯಾರಾದ್ರೂ "ನಿಲ್ಸಿ" ಅಂದು ಎದ್ದು ಬಂದು ಅಕ್ಕನ ಜಾಗದಲ್ಲಿ ನಿಂತು ತಾನಾಗಿದ್ರೆ ಏನ್ ಮಾಡ್ತಿದ್ದೆ ಅಂತ ಆಡಿ ತೋರಿಸ್ಬೇಕು. ಹೇಳೋದಲ್ಲ, ಆಡೋದು. ಅಪ್ಪನ ಪಾರ್ಟ್ ಮಾಡಿದೋನು ಸುಲಭಕ್ಕೆ ಬಗ್ಗಬಾರದು. ಪಾತ್ರದ ಹೆಸರು ಕಲ್ಪಿತ ಇರ್ಲಿ, ನಾಲ್ಕೈದು ಮನೆ ಕಥೆ ಬೆರೆಸಿ ಒಂದು ಮಾಡಿ, ಆಗ ಅದು ಯಾರದೂ ಅಲ್ಲ, ಎಲ್ಲರದೂ.

ಒಂದು ಎಚ್ಚರಿಕೆ. ವರ್ಜೀಲಿಯೋ ಅನ್ನೋ ರೈತನ ಬಗ್ಗೆ ಬೋಲ್ ತಾವೇ ಹೇಳ್ಕೊಂಡಿದಾರೆ. ಇವರ ತಂಡ ಬಂದೂಕು ಹಿಡ್ಕೊಂಡು ಭೂಮಿಗಾಗಿ ರಕ್ತ ಚೆಲ್ಲಿ ಅಂತ ಹಾಡಿತ್ತು, ಆ ರೈತ ಖುಷಿಯಾಗಿ ಬನ್ನಿ ಈಗ್ಲೇ ಹೋಗಿ ಹೋರಾಡೋಣ ಅಂದ, ಇವರು ಅಯ್ಯೋ ಬಂದೂಕು ಡಮ್ಮಿ ಅಂದ್ರು. ನಾವು ಹೊರೋಕಾಗದ ಧೈರ್ಯನ ಮಕ್ಕಳ ತಲೆ ಮೇಲೆ ಹೊರಿಸ್ಬಾರದು. ವೇದಿಕೆ ಮೇಲೆ ಅಪ್ಪನಿಗೆ ಎದುರಾಡಿದ ಹುಡುಗಿ ರಾತ್ರಿ ಅದೇ ಮನೆಗೆ ಹೋಗ್ಬೇಕು.

ಸಂಜೆಕ್ಲಾಸು
ಎಲ್ರಿಗೂ ಥ್ಯಾಂಕ್ಸ್, @ಕೊನೇಸಾಲು ನಿಮ್ಮದನ್ನ ಎರಡು ಸಲ ಓದಿದೆ. ಕನ್ನಡಿ ಆಟ ಅರ್ಧ ಗಂಟೆ ಬರೀ ಗಲಾಟೆ ಆಯ್ತು, ಪರವಾಗಿಲ್ಲ. ಮಾತು ಎತ್ತಿಕೊಡೋ ಕೆಲಸ ಮಾತ್ರ ಹಿಡೀತು. ಗುರುವಾರ ದೊಡ್ಡ ಹುಡುಗ ಒಬ್ಬ ಡೈಲಾಗ್ ನುಂಗ್ಬಿಟ್ಟ, ಗೋಡೆ ಕಡೆಯಿಂದ ಮೆಲ್ಲಗೆ ಬಂತು, ಅವನು ಅದನ್ನೂ ತಪ್ಪು ಹೇಳಿದ, ಆಗ ಇವಳು ತಮ್ಮನ್ನ ಕೆಳಗಿಳಿಸಿ "ಹಾಗಲ್ಲ ಕಣೋ" ಅಂತ ಜೋರಾಗೇ ಗದರಿದ್ಲು.

ಸಂಸ್ಥೆಯವರಿಗೆ ಆಗಲ್ಲ ಅಂತ ಮೇಲ್ ಬರೆದಿಟ್ಟಿದೀನಿ. ಇನ್ನೂ ಕಳಿಸಿಲ್ಲ, ದುಡ್ಡು ನಿಲ್ಲಿಸಿದ್ರೆ ಜಾಗದ ಬಾಡಿಗೆ ಯಾರು ಕಟ್ತಾರೆ ಅಂತ ಯೋಚನೆ.