ಡಿಸ್ನಿ ವರ್ಲ್ಡ್ ಹತ್ತಿರ ಕೈಗೆಟುಕುವ ಹೋಟೆಲ್: ಆರು ಜನ ಎಲ್ಲಿ ಇಳಿದುಕೊಳ್ಳುವುದು?

ಪ್ರಶ್ನೆ, ನ್ಯೂಜೆರ್ಸಿಯಿಂದ

ಎಲ್ಲರಿಗೂ ನಮಸ್ಕಾರ. ಊರಿಂದ ಅತ್ತೆ-ಮಾವ ಬಂದಿದ್ದಾರೆ. ಅವರನ್ನೂ ಕರೆದುಕೊಂಡು ಆಗಸ್ಟ್ ಕೊನೆಗೆ ಫ್ಲಾರಿಡಾದ ಆರ್ಲ್ಯಾಂಡೊಗೆ ಹೋಗಬೇಕು ಅಂತಿದ್ದೇವೆ. ಒಟ್ಟು ಆರು ಜನ. ನಾವಿಬ್ಬರು, ಅತ್ತೆ-ಮಾವ, ಎಂಟು ವರ್ಷದ ಮಗಳು, ಇನ್ನೂ ಮೂರು ತುಂಬದ ಮಗ. ಡಿಸ್ನಿ ವರ್ಲ್ಡ್‌ಗೆ ಮೂರು ದಿನ. ಟಿಕೆಟ್‌ಗೇ ಅಷ್ಟು ದುಡ್ಡು ಹೋಗುತ್ತದೆ, ಹೋಟೆಲ್‌ನಲ್ಲಾದರೂ ಉಳಿಸೋಣ ಅಂತ ಹುಡುಕಲು ಕೂತರೆ ತಲೆ ಕೆಡುತ್ತಿದೆ. ರಾತ್ರಿಗೆ 80 ಡಾಲರಿನದೂ ಇದೆ, 400 ಡಾಲರಿನದೂ ಇದೆ. ಎಲ್ಲರೂ ‘ಡಿಸ್ನಿಗೆ ಹತ್ತಿರ’ ಅಂತಲೇ ಹಾಕಿಕೊಂಡಿದ್ದಾರೆ. ಅತ್ತೆಗೆ ಮಂಡಿನೋವು ಬೇರೆ. ಹೋಗಿ ಬಂದವರು ಎಲ್ಲಿ ಇಳಿದುಕೊಂಡಿರಿ, ಎಲ್ಲಿ ಎಡವಿದಿರಿ, ಸ್ವಲ್ಪ ಹೇಳ್ತೀರಾ?

ಅಟ್ಲಾಂಟಾದಿಂದ, ಎರಡು ಸಲ ಹೋದವರು

ನಾವು ಮೊದಲ ಸಲ ಅಗ್ಗದ್ದು ನೋಡಿ ಕೆಟ್ಟೆವು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಡಿಸ್ನಿ ಪಕ್ಕದ ಊರು ಕಿಸಿಮ್ಮಿಯ 192ನೇ ಹೆದ್ದಾರಿಯಲ್ಲಿ ಒಂದು ಹೋಟೆಲ್. ಹೆಸರು ಬೇಡ. ಫೋಟೋದಲ್ಲಿ ಈಜುಕೊಳ ಇತ್ತು, ಬೆಳಗಿನ ತಿಂಡಿ ಫ್ರೀ ಅಂತಿತ್ತು, ‘ಡಿಸ್ನಿಗೆ ಉಚಿತ ಶಟಲ್’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಶಟಲ್ ಬಸ್ಸು ಇದೆಯಲ್ಲ, ಬಾಡಿಗೆ ಕಾರು ಯಾಕೆ ಅಂದುಕೊಂಡೆವು. ಹೋಗಿ ನೋಡಿದರೆ ಶಟಲ್ ಬೆಳಗ್ಗೆ ಎರಡೇ ಸಲ. ಹಿಂದಿನ ರಾತ್ರಿಯೇ ಕೌಂಟರಿನಲ್ಲಿ ಹೆಸರು ಬರೆಸಬೇಕು. ನಮ್ಮ ಹತ್ತಿರ ಬರುವಷ್ಟರಲ್ಲಿ ಅದು ಇನ್ನೂ ಮೂರು ಹೋಟೆಲ್ ಸುತ್ತಿಕೊಂಡು ಅರ್ಧ ತುಂಬಿರುತ್ತಿತ್ತು.

ಇನ್ನೊಂದು ವಿಷಯ ಯಾರೂ ನಮಗೆ ಹೇಳಿರಲಿಲ್ಲ. ಶಟಲ್ ಡಿಸ್ನಿ ವರ್ಲ್ಡ್‌ನ ಮುಖ್ಯ ಪಾರ್ಕ್ ಮ್ಯಾಜಿಕ್ ಕಿಂಗ್ಡಮ್ ಬಾಗಿಲಿಗೆ ಹೋಗುವುದಿಲ್ಲ. ಕೆರೆಯ ಈಚೆ ದಡದಲ್ಲಿ ಟ್ರಾನ್ಸ್‌ಪೋರ್ಟೇಶನ್ ಅಂಡ್ ಟಿಕೆಟ್ ಸೆಂಟರ್ ಅಂತ ಒಂದು ಜಾಗ ಇದೆ, ಅಲ್ಲಿ ಇಳಿಸುತ್ತದೆ. ಅಲ್ಲಿಂದ ಮಾನೋರೈಲೋ ಫೆರಿಯೋ ಹಿಡಿದು ಆಚೆ ದಡಕ್ಕೆ ಹೋಗಬೇಕು. ಸ್ವಂತ ಕಾರಿನಲ್ಲಿ ಹೋದವರಿಗೂ, ಊಬರ್‌ನಲ್ಲಿ ಹೋದವರಿಗೂ ಇದೇ ಕಥೆ. ಅಂದರೆ ಹೋಟೆಲ್‌ನಿಂದ 15 ನಿಮಿಷ ಅಂತ ಮ್ಯಾಪ್ ತೋರಿಸಿದರೆ, ಅದು ಕೆರೆಯ ಈಚೆ ದಡದವರೆಗಿನ 15 ನಿಮಿಷ.

ರಾತ್ರಿ ಪಟಾಕಿ ನೋಡಿ ಹೊರಟೆವು. ಅಲ್ಲಿದ್ದ ಅಷ್ಟೂ ಜನ ಒಟ್ಟಿಗೇ ಹೊರಟಿದ್ದರು. ಫೆರಿಗೆ ಸಾಲು, ಮಾನೋರೈಲಿಗೆ ಸಾಲು. ಈಚೆ ದಡಕ್ಕೆ ಬರುವಷ್ಟರಲ್ಲಿ ಕೊನೆಯ ಶಟಲ್ ಹೋಗಿಯಾಗಿತ್ತು. ಮಗ ನನ್ನ ಹೆಗಲ ಮೇಲೆ ನಿದ್ದೆ ಹೊಡೆಯುತ್ತಿದ್ದ. ಒಂದು ಕಾಲಲ್ಲಿ ಮಾತ್ರ ಶೂ ಇತ್ತು. ಇನ್ನೊಂದು ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿ ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಆ ಹೋಟೆಲ್‌ನಲ್ಲಿ ಇನ್ನೊಂದು ದಿನ ಇರಬಹುದಿತ್ತು.

ಎರಡನೇ ಸಲ ಡಿಸ್ನಿಯದೇ ಪಾಪ್ ಸೆಂಚುರಿ. ಅವರ ಹೋಟೆಲ್‌ಗಳಲ್ಲಿ ಅಗ್ಗದ ದರ್ಜೆಗೆ ‘ವ್ಯಾಲ್ಯೂ’ ಅಂತಾರೆ. ಮೂರು ಆಲ್-ಸ್ಟಾರ್‌ಗಳು, ಪಾಪ್ ಸೆಂಚುರಿ, ಆರ್ಟ್ ಆಫ್ ಆ್ಯನಿಮೇಶನ್. ರೂಮು ಚಿಕ್ಕದು. ಎರಡನೇ ಹಾಸಿಗೆ ಗೋಡೆಯೊಳಗೆ ಮಡಚಿಕೊಂಡಿರುತ್ತದೆ, ಹಗಲು ಅದರ ಜಾಗದಲ್ಲಿ ಮೇಜು. ಮಗ ಮಧ್ಯಾಹ್ನ ಮಲಗಬೇಕು ಅಂದರೆ ಮೇಜಿನ ಮೇಲಿದ್ದ ಚಿಪ್ಸು, ಚಾರ್ಜರು, ಕ್ರೀಮು ಎಲ್ಲ ಎತ್ತಿ ನೆಲಕ್ಕಿಡಬೇಕು. ಮೈಕ್ರೋವೇವ್ ರೂಮಿನಲ್ಲಿಲ್ಲ. ಆದರೆ ಬಸ್ಸು ಮ್ಯಾಜಿಕ್ ಕಿಂಗ್ಡಮ್ ಬಾಗಿಲ ಹತ್ತಿರಕ್ಕೇ ಹೋಗುತ್ತದೆ, ಕೆರೆ ದಾಟುವ ಗೋಜಿಲ್ಲ. ಡಿಸ್ನಿಯ ಇನ್ನೆರಡು ಪಾರ್ಕ್‌ಗಳಾದ ಎಪ್ಕಾಟ್‌ಗೂ ಹಾಲಿವುಡ್ ಸ್ಟುಡಿಯೋಸ್‌ಗೂ ಸ್ಕೈಲೈನರ್ ಅಂತ ಹಗ್ಗದ ಮೇಲಿನ ತೊಟ್ಟಿಲು ಇದೆ. ಎಲ್ಲ ಪಾರ್ಕ್‌ಗೂ ಬೇರೆಯವರಿಗಿಂತ ಅರ್ಧ ಗಂಟೆ ಮುಂಚೆ ಬಿಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಎರಡು ರೈಡ್ ಮುಗಿಸುತ್ತಿದ್ದೆವು. ಆಮೇಲೆ ಅದಕ್ಕೇ ಒಂದೊಂದು ಗಂಟೆ ನಿಲ್ಲಬೇಕು.

ನನ್ನ ಮಟ್ಟಿಗೆ ಎರಡನೆಯದೇ ಅಗ್ಗ ಬಿತ್ತು. ಬಿಲ್ಲು ನೋಡಿದರೆ ಹಾಗೆ ಕಾಣುವುದಿಲ್ಲ, ಅದು ಬೇರೆ ಮಾತು.

ಡಲ್ಲಾಸ್‌ನಿಂದ

ಮೇಲಿನವರು ಹೇಳಿದ್ದು ನಾಲ್ಕು ಜನಕ್ಕೆ ಸರಿ. ಆರು ಜನಕ್ಕೆ ಲೆಕ್ಕವೇ ಬೇರೆ ಅಲ್ವಾ? ವ್ಯಾಲ್ಯೂ ರೂಮಿನಲ್ಲಿ ನಾಲ್ಕು ಜನ, ಮೇಲೆ ಮೂರು ವರ್ಷದೊಳಗಿನ ಒಂದು ಮಗು. ಆರಕ್ಕೆ ಎರಡು ರೂಮು ಬೇಕು, ಇಲ್ಲಾ ಆರ್ಟ್ ಆಫ್ ಆ್ಯನಿಮೇಶನ್‌ನಲ್ಲೋ ಆಲ್-ಸ್ಟಾರ್ ಮ್ಯೂಸಿಕ್‌ನಲ್ಲೋ ಫ್ಯಾಮಿಲಿ ಸ್ವೀಟ್, ಅಂದರೆ ಒಂದಕ್ಕಿಂತ ಹೆಚ್ಚು ಕೋಣೆ ಇರುವ ದೊಡ್ಡ ರೂಮು. ಅದರ ರೇಟು ನೋಡಿದರೆ ‘ವ್ಯಾಲ್ಯೂ’ ಅನ್ನುವ ಪದಕ್ಕೇ ನಗು ಬರುತ್ತದೆ.

ನಾವು ಎರಡು ಸಂಸಾರ ಸೇರಿ ಎಂಟು ಜನ ಹೋಗಿದ್ದೆವು. ಡೇವನ್‌ಪೋರ್ಟ್ ಕಡೆ ನಾಲ್ಕು ಬೆಡ್‌ರೂಮಿನ ಮನೆ ಬಾಡಿಗೆಗೆ ಹಿಡಿದೆವು. ಸ್ವಂತ ಈಜುಕೊಳ, ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ. ಅಮ್ಮ ಬೆಳಗ್ಗೆ ಉಪ್ಪಿಟ್ಟು ಮಾಡಿಕೊಡುತ್ತಿದ್ದರು. ಪಾರ್ಕ್ ಒಳಗೆ ಹೊರಗಿನ ತಿಂಡಿ ಒಯ್ಯಲು ಬಿಡುತ್ತಾರೆ, ಗಾಜಿನ ಡಬ್ಬಿ, ಬಾಟಲಿ ಮಾತ್ರ ಕೂಡದು. ಮೊಸರನ್ನ ಕಟ್ಟಿಕೊಂಡು ಹೋಗಿ ನೆರಳಲ್ಲಿ ಕೂತು ತಿಂದೆವು. ಊಟದಲ್ಲೇ ತುಂಬಾ ಉಳಿಯಿತು.

ಮನೆ ಬಾಡಿಗೆ ನೋಡುವಾಗ ಕ್ಲೀನಿಂಗ್ ಫೀ ನೋಡಿ. ನಾಲ್ಕು ದಿನಕ್ಕೂ ಅಷ್ಟೇ, ಹತ್ತು ದಿನಕ್ಕೂ ಅಷ್ಟೇ. ಮೂರೇ ರಾತ್ರಿಗೆ ಹೋದರೆ ಮೈಮೇಲೆ ಬೀಳುತ್ತದೆ. ಈಜುಕೊಳದ ನೀರು ಬಿಸಿ ಮಾಡಲೂ ಬೇರೆ ದುಡ್ಡು ಕೇಳುತ್ತಾರೆ. ಆಗಸ್ಟ್‌ನಲ್ಲಿ ಅದು ಬೇಡವೇ ಬೇಡ, ನೀರು ತಾನಾಗೇ ಕಾದಿರುತ್ತದೆ.

ಪ್ರಶ್ನೆ ಕೇಳಿದವರು

ಎರಡೂ ಕಡೆಯ ಮಾತು ಕೇಳಿ ಇನ್ನೂ ಗೊಂದಲ ಆಯ್ತು, ಆದರೆ ಒಳ್ಳೆಯ ಗೊಂದಲ. ಕಾರು ಬಾಡಿಗೆಗೆ ತೆಗೆದುಕೊಳ್ಳುತ್ತೇವೆ, ಅದು ಖಚಿತ. ಶಟಲ್ ಸಹವಾಸ ಬೇಡ. ಹಾಗಾದರೆ ದೂರ ಇದ್ದರೂ ನಡೆಯುತ್ತದಾ?

ಕಿಸಿಮ್ಮಿ ಹತ್ತಿರವೇ ವಾಸ ಇರುವವರು

ಬರುವ ನೆಂಟರೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ‘ಹತ್ತಿರ’ ಅಂದರೇನು ನೋಡೋಣ. ಡಿಸ್ನಿ ವರ್ಲ್ಡ್ ಒಂದು ಪಾರ್ಕ್ ಅಲ್ಲ. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್ಡಮ್, ಆಮೇಲೆ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಆ್ಯನಿಮಲ್ ಕಿಂಗ್ಡಮ್. ನಾಲ್ಕು ಪಾರ್ಕ್, ಎರಡು ವಾಟರ್ ಪಾರ್ಕ್, ಹೋಟೆಲ್‌ಗಳು, ಕಾಡು, ಕೆರೆ ಎಲ್ಲ ಸೇರಿ ಸುಮಾರು 40 ಚದರ ಮೈಲಿ. ಅದರ ಒಂದು ಮೂಲೆಯ ಗೇಟಿಗೆ ಎರಡು ಮೈಲಿ ಇದ್ದರೂ ‘ಡಿಸ್ನಿಗೆ 2 ಮೈಲಿ’ ಅಂತ ಹಾಕುತ್ತಾರೆ. ಸುಳ್ಳಲ್ಲ, ಆದರೆ ನಿಮಗೆ ಉಪಯೋಗವೂ ಇಲ್ಲ. ನೀವು ಹೋಗುವ ಪಾರ್ಕಿನ ಹೆಸರು ಹಾಕಿ, ಬೆಳಗ್ಗೆ ಎಂಟಕ್ಕೆ ಹೊರಟರೆ ಎಷ್ಟು ಹೊತ್ತು ಅಂತ ಮ್ಯಾಪ್‌ನಲ್ಲಿ ನೋಡಿ. ಮಧ್ಯರಾತ್ರಿ ನೋಡಬೇಡಿ. ಐ-4 ಹೆದ್ದಾರಿ ಮಧ್ಯರಾತ್ರಿ ದೇವರಂತಿರುತ್ತದೆ, ಬೆಳಗ್ಗೆ ದೆವ್ವ. ಡೇವನ್‌ಪೋರ್ಟ್‌ನ ಮನೆಗಳು ಚೆನ್ನಾಗಿವೆ, ಒಪ್ಪುತ್ತೇನೆ. ಆದರೆ ಆ ಐ-4 ಮೇಲೆ ದಿನಕ್ಕೆ ಎರಡು ಸಲ ಓಡಾಡಬೇಕು. ಮಧ್ಯಾಹ್ನ ಮನೆಗೆ ಬಂದು ಮಲಗಿ ಸಂಜೆ ಮತ್ತೆ ಹೋಗುತ್ತೇವೆ ಅಂದರೆ ನಾಲ್ಕು ಸಲ. ಯಾರೂ ಹೋಗುವುದಿಲ್ಲ. ಸುಮ್ನೆ ಅಂದುಕೊಳ್ಳುತ್ತಾರೆ ಅಷ್ಟೆ.

ನಿಮಗೆ ಮಧ್ಯಾಹ್ನ ರೂಮಿಗೆ ಬರುವುದು ಬೇಕೇ ಬೇಕು. ಆಗಸ್ಟ್‌ನಲ್ಲಿ ಇಲ್ಲಿ ಹೆಚ್ಚುಕಡಿಮೆ ದಿನಾ ಮಧ್ಯಾಹ್ನದ ಮೇಲೆ ಗುಡುಗು-ಮಳೆ. ಮಿಂಚು ಬಂದರೆ ಹೊರಗಿನ ರೈಡ್‌ಗಳು ನಿಲ್ಲುತ್ತವೆ, ಸ್ಕೈಲೈನರೂ ನಿಲ್ಲುತ್ತದೆ. ಅದಕ್ಕೂ ಮುಂಚೆ ಬಿಸಿಲು, ಸೆಕೆ. ಮಗು, ಮಂಡಿನೋವು ಎರಡೂ ಇರುವವರು ಬೆಳಗ್ಗೆ ಗೇಟು ತೆಗೆಯುವಾಗ ಹೋಗಿ, ಒಂದು ಗಂಟೆಗೆ ಹೊರಬಿದ್ದು, ಐದಕ್ಕೆ ಮತ್ತೆ ಹೋಗಬೇಕು. ಹಾಗೆ ಮಾಡಲು ಆಗುವಷ್ಟು ದೂರದ ಹೋಟೆಲ್ಲೇ ನಿಮಗೆ ಹತ್ತಿರದ ಹೋಟೆಲ್. ಡಿಸ್ನಿಗೆ ಅಂಟಿಕೊಂಡೇ ಇರುವ ಲೇಕ್ ಬ್ಯೂನಾ ವಿಸ್ಟಾ ಕಡೆ ನೋಡಿ. ಇಂಟರ್‌ನ್ಯಾಶನಲ್ ಡ್ರೈವ್ ರಸ್ತೆಯ ಹೋಟೆಲ್‌ಗಳು ಯೂನಿವರ್ಸಲ್ ಅನ್ನುವ ಬೇರೆ ಪಾರ್ಕ್‌ಗೆ ಹೋಗುವವರಿಗೆ ಸರಿ, ನಿಮಗಲ್ಲ.

ಇನ್ನು ದುಡ್ಡು. ಕಳೆದ ಸಲ ಬಂದ ನಮ್ಮ ನೆಂಟರು ‘90 ಡಾಲರ್ ರೂಮು ಸಿಕ್ಕಿತು’ ಅಂತ ಬೀಗುತ್ತಿದ್ದರು. ಅಡುಗೆಮನೆ ಕಟ್ಟೆ ಮೇಲೆ ಬಿಲ್ಲು ಹರಡಿಕೊಂಡು ನಾವೇ ಕೂಡಿದೆವು. ರೂಮು 90. ಬಾಡಿಗೆ ಮೇಲೆ ಹೋಟೆಲ್‌ನವರು ಕಡ್ಡಾಯವಾಗಿ ಹಾಕುವ ರೆಸಾರ್ಟ್ ಫೀ 25. ಎರಡರ ಮೇಲೂ ತೆರಿಗೆ, ಕಿಸಿಮ್ಮಿ ಇರುವ ಆಸಿಯೋಲಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ನೂರಕ್ಕೆ 13.5, ಅಂದರೆ ಇನ್ನು 15 ಚಿಲ್ಲರೆ. ಹೋಟೆಲ್ ಪಾರ್ಕಿಂಗ್ 15. ಡಿಸ್ನಿ ಪಾರ್ಕಿಂಗ್ ಆಗ ದಿನಕ್ಕೆ 30. ದಿನಕ್ಕೆ 175 ದಾಟಿತು. ಪಕ್ಕದ ಆರೆಂಜ್ ಕೌಂಟಿಯಲ್ಲಿ ತೆರಿಗೆ ನೂರಕ್ಕೆ 12.5. ರಸ್ತೆಯ ಈ ಬದಿ ಒಂದು ಕೌಂಟಿ, ಮುಂದೆ ಹೋದರೆ ಇನ್ನೊಂದು, ನೋಡಿಕೊಳ್ಳಿ. 2025ರ ಮೇ ತಿಂಗಳಿಂದ ರೆಸಾರ್ಟ್ ಫೀಯಂಥ ಕಡ್ಡಾಯ ಫೀಗಳನ್ನು ಮೊದಲೇ ಸೇರಿಸಿ ತೋರಿಸಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಈಗ ಮೊದಲಿನಷ್ಟು ಮೋಸ ಇಲ್ಲ. ಆದರೂ ತೆರಿಗೆ ಕೊನೆಯ ಪುಟದಲ್ಲೇ ಬರಬಹುದು, ಪಾರ್ಕಿಂಗ್ ಅಂತೂ ನೀವೇ ಕೇಳಿ ತಿಳಿದುಕೊಳ್ಳಬೇಕು. ಡಿಸ್ನಿ ಹೋಟೆಲ್‌ನಲ್ಲಿದ್ದರೆ ಎರಡೂ ಕಡೆ ಪಾರ್ಕಿಂಗ್ ಫ್ರೀ. ಹೋಲಿಸುವಾಗ ಇದನ್ನೂ ಸೇರಿಸಿ.

ನೀವು ಬರುವ ಸಮಯ ಒಳ್ಳೆಯದು. ಇಲ್ಲಿ ಸ್ಕೂಲು ಆಗಸ್ಟ್ ಮಧ್ಯಕ್ಕೆ ಮುಂಚೆಯೇ ಶುರು. ತಿಂಗಳ ಕೊನೆಗೆ ಹೋಟೆಲ್ ರೇಟು ಇಳಿದಿರುತ್ತದೆ.

ಫಿಲಡೆಲ್ಫಿಯಾದಿಂದ

ಮಗನಿಗೆ ಮೂರು ತುಂಬುವುದು ಯಾವತ್ತು? ಮೂರರೊಳಗಿನ ಮಕ್ಕಳಿಗೆ ಡಿಸ್ನಿಯಲ್ಲಿ ಟಿಕೆಟ್ಟೇ ಬೇಡ. ಮೂರರಿಂದ ಒಂಬತ್ತು ಮಕ್ಕಳ ಟಿಕೆಟ್. ಹತ್ತು ತುಂಬಿದರೆ ದೊಡ್ಡವರು. ಹೋಟೆಲ್‌ನಲ್ಲಿ 20 ಡಾಲರ್ ಉಳಿಸಲು ತಾರೀಖು ಮುಂದಕ್ಕೆ ಹಾಕಿ ಇಲ್ಲಿ ಕಳೆದುಕೊಳ್ಳಬೇಡಿ. ನಾವು ಹಾಗೆ ಮಾಡಿದೆವು.

ಮಗನ ಮನೆಗೆ ಬಂದಿರುವ ಒಬ್ಬರು ತಾತ, ಬಾಸ್ಟನ್‌ನಿಂದ

ಅಮ್ಮಾ, ಇಲ್ಲಿ ಎಲ್ಲರೂ ಮಕ್ಕಳ ಕಡೆಯಿಂದ ಹೇಳಿದರು. ನಾನು ನಿಮ್ಮ ಮಾವನವರ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಮಗ-ಸೊಸೆ ನಮ್ಮನ್ನು ಹೋದ ವರ್ಷ ಕರೆದುಕೊಂಡು ಹೋಗಿದ್ದರು. ಹೋಟೆಲ್ ಚೆನ್ನಾಗಿತ್ತು, ತಪ್ಪು ಹೇಳಬಾರದು. ಆದರೆ ಬಚ್ಚಲಲ್ಲಿ ಆ ಬಿಳಿ ತೊಟ್ಟಿ. ಅದರ ಅಂಚು ನನ್ನ ಮೊಣಕಾಲಿನಷ್ಟು ಎತ್ತರ. ನನ್ನ ಮನೆಯಾಕೆ ದಿನಾ ಬೆಳಗ್ಗೆ ಟವೆಲ್ ನೇತುಹಾಕುವ ಸರಳು ಹಿಡಿದು, ಒಂದು ಕಾಲು ಒಳಗಿಟ್ಟು, ಇನ್ನೊಂದು ಕಾಲನ್ನು ಕೈಯಿಂದಲೇ ಎತ್ತಿ ಇಟ್ಟುಕೊಳ್ಳುತ್ತಿದ್ದಳು. ಸರಳು ಅಲ್ಲಾಡುತ್ತಿತ್ತು. ನಾನು ಹೊರಗೆ ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಮಗನಿಗೆ ನಾವು ಹೇಳಲೇ ಇಲ್ಲ, ಅಷ್ಟು ಖರ್ಚು ಮಾಡಿದ್ದಾನೆ, ಬೇಜಾರಾಗುತ್ತದೆ ಅಂತ. ನಿಮ್ಮ ಅತ್ತೆಯೂ ಹೇಳುವುದಿಲ್ಲ, ನೋಡುತ್ತಿರಿ. ನೀವೇ ಫೋನ್ ಮಾಡಿ, ತೊಟ್ಟಿ ಬೇಡ, ನಡೆದು ಒಳಹೋಗುವ ಶವರ್ ಇರುವ ರೂಮು ಬೇಕು ಅಂತ ಕೇಳಿ. ಲಿಫ್ಟ್‌ಗೆ ಹತ್ತಿರದ ರೂಮೂ ಕೇಳಿ. ಇವೆರಡಕ್ಕೆ ಸಾಮಾನ್ಯವಾಗಿ ಜಾಸ್ತಿ ದುಡ್ಡು ಕೇಳುವುದಿಲ್ಲ.

ಮತ್ತೆ ಮೂರು ದಿನವೂ ಅವರನ್ನು ಎಳೆದಾಡಬೇಡಿ. ಒಂದು ದಿನ ಹೋಟೆಲ್‌ನಲ್ಲೇ ಬಿಡಿ. ಸುತ್ತ ನಡೆದಾಡಲು ಒಂದು ಒಳ್ಳೆಯ ದಾರಿ, ಕೂರಲು ನೆರಳು ಇದ್ದರೆ ಸಾಕು. ನಮಗೆ ಆ ಮಿಕ್ಕಿ ಇಲಿಗಿಂತ ಮೊಮ್ಮಗಳು ಬಂದು ಕಥೆ ಹೇಳುವುದೇ ಖುಷಿ. ಆ ದಿನದ ಎರಡು ಟಿಕೆಟ್ ಉಳಿದರೆ ನಿಮ್ಮ ರೂಮು ಬಾಡಿಗೆ ಅರ್ಧ ಬಂದಂತೆ.

ಡಲ್ಲಾಸ್‌ನಿಂದ, ಮತ್ತೆ

ತಾತ ಹೇಳಿದ್ದು ಓದಿ ನಮ್ಮ ಅಮ್ಮನನ್ನು ಕೇಳಿದೆ. ‘ಆ ಮನೆಯಲ್ಲೂ ತೊಟ್ಟಿಯೇ ಇತ್ತಲ್ಲ, ನಾನು ಕೆಳಗಿನ ಬಚ್ಚಲಿಗೆ ಹೋಗುತ್ತಿದ್ದೆ’ ಅಂದರು. ನನಗೆ ಗೊತ್ತೇ ಇರಲಿಲ್ಲ.

ಪ್ರಶ್ನೆ ಕೇಳಿದವರು

ತಾತ, ತುಂಬಾ ಥ್ಯಾಂಕ್ಸ್. ಅತ್ತೆಯನ್ನು ಕೇಳಿದೆ. ಮೊದಲು ‘ಏನೂ ತೊಂದರೆ ಇಲ್ಲ’ ಅಂದರು. ಆಮೇಲೆ ‘ತೊಟ್ಟಿ ಇಲ್ಲದಿದ್ದರೆ ಒಳ್ಳೆಯದೇ’ ಅಂದರು.

ಲೇಕ್ ಬ್ಯೂನಾ ವಿಸ್ಟಾದಲ್ಲಿ ಎರಡು ಬೆಡ್‌ರೂಮಿನ ಸ್ವೀಟ್ ನೋಡಿದ್ದೇವೆ. ಪುಟ್ಟ ಅಡುಗೆಮನೆ, ಬೆಳಗಿನ ತಿಂಡಿ ಸೇರಿದೆ. ಕೇಳಿದ್ದಕ್ಕೆ ಒಂದು ಬಚ್ಚಲಲ್ಲಿ ನಡೆದು ಹೋಗುವ ಶವರ್ ಇದೆ ಅಂದರು. ಪಾರ್ಕಿಂಗ್, ತೆರಿಗೆ, ಡಿಸ್ನಿ ಪಾರ್ಕಿಂಗ್ ಎಲ್ಲ ಸೇರಿಸಿದರೂ ಆಲ್-ಸ್ಟಾರ್‌ನ ಎರಡು ರೂಮಿಗಿಂತ ಕಡಿಮೆ ಬಂತು. ಬೆಳಗಿನ ಅರ್ಧ ಗಂಟೆ ಹೋಯಿತು, ಅದಕ್ಕೆ ಮಗಳು ಸ್ವಲ್ಪ ಮುಖ ಊದಿಸಿದ್ದಾಳೆ. ಅತ್ತೆ-ಮಾವನಿಗೆ ಎರಡೇ ದಿನದ ಟಿಕೆಟ್.

ಮಗನಿಗೆ ಮೂರು ತುಂಬುವುದು ಸೆಪ್ಟೆಂಬರ್ 2ಕ್ಕೆ. ನಾವು ಆಗಸ್ಟ್ 29ಕ್ಕೆ ವಾಪಸ್.

ಕಿಸಿಮ್ಮಿ ಹತ್ತಿರವೇ ವಾಸ ಇರುವವರು

ಸರಿಯಾಗಿದೆ. ಒಂದೇ ಒಂದು ಮಾತು ಬಿಟ್ಟುಹೋಗಿತ್ತು. ಆಗಸ್ಟ್ ಕೊನೆ ಅಂದರೆ ಚಂಡಮಾರುತದ ಕಾಲ. ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ‘ದುಡ್ಡು ವಾಪಸ್ ಇಲ್ಲ’ ಅನ್ನುವ ರೇಟು ಮಾತ್ರ ತೆಗೆದುಕೊಳ್ಳಬೇಡಿ. ಕ್ಯಾನ್ಸಲ್ ಮಾಡಲು ಕೊನೆಯ ದಿನ ಯಾವುದು, ಅದು ಅವರ ಗಡಿಯಾರದ ಪ್ರಕಾರ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಕಾರಿನಲ್ಲಿ ಮಗನಿಗೆ ಮಕ್ಕಳ ಸೀಟು ಕಡ್ಡಾಯ. ಬಾಡಿಗೆಗೆ ಕೊಡುತ್ತಾರೆ, ಆದರೆ ಮನೆಯದನ್ನೇ ತನ್ನಿ, ವಿಮಾನದಲ್ಲಿ ಅದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಬಂದ ಮೇಲೆ ತಿಳಿಸಿ, ಅತ್ತೆಯವರು ರೂಮಲ್ಲಿರುವ ದಿನ ನಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ.