ಹಳೆಯ ಪೈಪ್ ಸಾಲು ಸೇರಿಸಿದ ಮೇಲೆ ಶ್ರುತಿ ಏರಿದೆ, ಗಾಳಿ ತೂಗಾಡುತ್ತಿದೆ

ತಿದಿಮನೆ (ಪ್ರಶ್ನೆ):
ಬೆಂಗಳೂರಿನ ಚರ್ಚೊಂದರ ಆರ್ಗನ್. ಒಂದೇ ಕೀಬೋರ್ಡ್, 56 ಕೀ, ಐದು ಸ್ಟಾಪ್ (ಒಂದೊಂದು ನಾದದ ಪೈಪ್ ಸಾಲು). ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಚರ್ಚಿನಿಂದ ಬಂದ 4 ಅಡಿಯ ಪ್ರಿನ್ಸಿಪಲ್ ಸಾಲನ್ನು (ಆರ್ಗನ್ನಿನ ಮೂಲ ನಾದದ 56 ಲೋಹದ ಪೈಪ್, ಒತ್ತಿದ ಕೀಗಿಂತ ಒಂದು ಸಪ್ತಕ ಮೇಲೆ ನುಡಿಯುತ್ತವೆ) ಬೇರೆ ಗಾಳಿಪೆಟ್ಟಿಗೆ ಮಾಡಿ ಕೂರಿಸಿದ್ದೇವೆ. ಪ್ರತಿ ಪೈಪಿನಡಿ ಗಾಳಿಯ ಕವಾಟ ತೆರೆಯಲು 14 ವೋಲ್ಟ್ ಮ್ಯಾಗ್ನೆಟ್. ನಡುವಿನ ಎ ಒತ್ತಿದರೆ ಈ ಸಾಲು 880 ಬದಲು 900 ಹರ್ಟ್ಸ್ ಕೊಡುತ್ತಿದೆ. ಪೈಪಿನ ತುದಿಯಲ್ಲಿ ಜಾರುವ ಶ್ರುತಿಯ ಪಟ್ಟಿಗಳನ್ನು ಕೊನೆವರೆಗೂ ಎಳೆದಾಯಿತು. ಒಳಗೆ 29 ಡಿಗ್ರಿ. ಇದು ಹಳೆಯ 452ರ ಶ್ರುತಿಯ (ನಡುವಿನ ಎಗೆ ಈಗಿನ 440 ಹರ್ಟ್ಸ್ ಬದಲು 452) ಸಾಲಿರಬೇಕು, ಪ್ರತಿ ಪೈಪನ್ನೂ ಒಂದು ಸ್ವರ ಮೇಲಕ್ಕೆ ಸರಿಸಿ ತುದಿ ಕತ್ತರಿಸಿದರೆ ಹೇಗೆ? ಪೂರ್ತಿ ಕಾರ್ಡ್ ಹಿಡಿದರೆ ಗಾಳಿ ಕುಸಿದು ಅಲುಗುತ್ತದೆ. ತಿದಿಯ (ಮೇಲಿನ ಭಾರದಿಂದ ಗಾಳಿಗೆ ಒತ್ತಡ ಕೊಡುವ, ಹಿಗ್ಗಿ ಕುಗ್ಗುವ ಗಾಳಿಚೀಲ) ಮೇಲೆ ಐದು ಇಟ್ಟಿಗೆ ಹೇರುವ ಯೋಚನೆ ಇದೆ. ಎಫ್ ಪೈಪೊಂದು ಮಾತ್ರ ಕೀ ಬಿಟ್ಟರೂ ಸಣ್ಣಗೆ ಊದುತ್ತಲೇ ಇರುತ್ತದೆ.

ಸೀಸತವರ:
ಕತ್ತರಿ ಕೆಳಗಿಡಿ. ನಿಜವಾಗಿ 452ರ ಸಾಲಾಗಿದ್ದರೆ ನಿಮ್ಮ ಸೆಖೆಗೆ 924ರ ಹತ್ತಿರ ತೋರಿಸುತ್ತಿತ್ತು. ಇಂಗ್ಲೆಂಡಿನ 16 ಡಿಗ್ರಿ ಚಳಿಯಲ್ಲಿ 440ಕ್ಕೆ ಕೂಡಿಸಿದ ಪೈಪ್ 29 ಡಿಗ್ರಿಯಲ್ಲಿ 450 ಆಗುತ್ತದೆ, ಅಂದರೆ ನಿಮ್ಮ 900. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು; ಡಿಗ್ರಿಗೆ ಸುಮಾರು 3 ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿಕೆ. ನಿಮ್ಮ ಹಳೆಯ ಐದು ಸ್ಟಾಪ್‌ಗಳನ್ನು ಇಲ್ಲಿಯ ಹವೆಗೆ ತಕ್ಕಂತೆ ಮೊದಲೇ ಕೂಡಿಸಿದ್ದಾರೆ, ಹೊಸದನ್ನು ಕೂಡಿಸಿಲ್ಲ, ಅಷ್ಟೇ.

ಬೇಕಿರುವುದು ಉದ್ದದಲ್ಲಿ ನೂರಕ್ಕೆ 2.2ರಷ್ಟು ಹೆಚ್ಚಳ. ಕೆಳಗಿನ ಸಿ ಪೈಪಿಗೆ (1.2 ಮೀಟರ್) 26 ಮಿ.ಮೀ., ಮುಂದಿನ ಸಿಗೆ 13. ತೆಳು ತಗಡು ಸುತ್ತಿ ಉದ್ದನೆಯ ಕೊಳವೆಪಟ್ಟಿ ಮಾಡಿ ತುದಿಗೆ ಬಿಗಿಯಾಗಿ ಹಾಕಿ, ಕಡಿಮೆಯೆಂದರೂ 20 ಮಿ.ಮೀ. ಪೈಪಿನ ಮೇಲೆ ಕೂರಲಿ. ತೀರ ಮೇಲಿನ ಪೈಪುಗಳಿಗೆ ಬೇಕಾದ್ದು ಒಂದೇ ಮಿಲಿಮೀಟರ್. ಅವುಗಳ ತುದಿಯನ್ನು ಶ್ರುತಿಶಂಕುವಿನಿಂದ (ಶಂಕು ಆಕಾರದ ಲೋಹದ ಉಪಕರಣ) ಒಳಕ್ಕೆ ಮುಚ್ಚಿದರೆ ಸ್ವರ ಇಳಿಯುತ್ತದೆ. ಬರಿಗೈಯಲ್ಲಿ ಹಿಡಿದ ಪೈಪ್ ಬಿಸಿಯಾಗಿ ಏರಿರುತ್ತದೆ, ಐದು ನಿಮಿಷ ಬಿಟ್ಟು ಅಳೆಯಿರಿ. ಸೀಸದ ಲೋಹ, ಉಜ್ಜಬೇಡಿ, ಕೈ ತೊಳೆಯಿರಿ.

ಮೊದಲು ಒತ್ತಡ ಸರಿಮಾಡಿಕೊಳ್ಳಿ. ಗಾಳಿ ಜಾಸ್ತಿಯಾದರೂ ಸ್ವರ ಏರುತ್ತದೆ. ಒತ್ತಡ ಒಂದೆಡೆ ನಿಲ್ಲದೆ ಶ್ರುತಿಗೆ ಕೂತರೆ ಎರಡು ಸಲದ ಕೆಲಸ.

ನೀರಿನಂಚು:
ಇಟ್ಟಿಗೆ ಬೇಡವೇ ಬೇಡ. ತಿದಿಯ ಮುಚ್ಚಳದ ಅಳತೆ ಎಷ್ಟು? 1.2 × 0.8 ಮೀಟರ್ ಎಂದಿಟ್ಟುಕೊಂಡರೆ 75 ಮಿ.ಮೀ. ನೀರಿನ ಒತ್ತಡಕ್ಕೆ ಮುಚ್ಚಳವೂ ಸೇರಿ 72 ಕೆಜಿ ಭಾರ ಸಾಕು. ಐದು ಇಟ್ಟಿಗೆ, ತಲಾ 3 ಕೆಜಿ, ಹಾಕಿದಿರೋ 16 ಮಿ.ಮೀ. ಏರಿ ಹಳೆಯ ಐದೂ ಸ್ಟಾಪ್ ಕಿರುಚತೊಡಗುತ್ತವೆ. ಪಾರದರ್ಶಕ ನಳಿಕೆಯನ್ನು ಯು ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿ, ಕಾರ್ಡ್ ಹಿಡಿದಿರುವಾಗಲೇ ತಿದಿಯಲ್ಲೊಮ್ಮೆ, ಹೊಸ ಪೆಟ್ಟಿಗೆಯಲ್ಲೊಮ್ಮೆ ಎರಡು ಕಡೆಯ ಮಟ್ಟದ ಅಂತರ ನೋಡಿ. ಎರಡೂ ಕಡೆ ಬಿದ್ದರೆ ಬ್ಲೋವರ್ ಅಥವಾ ಅದರ ಪರದೆ-ಕವಾಟ (ತಿದಿಗೆ ಬರುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವುದು) ಕಾರಣ. ಪೆಟ್ಟಿಗೆಯಲ್ಲಿ ಮಾತ್ರ ಬಿದ್ದರೆ ತಿದಿಯಿಂದ ಅಲ್ಲಿಗೆ ಬರುವ ಕೊಳವೆ ಕಿರಿದು.

ತಂತಿಕಾರ:
ಎಫ್‌ಗೆ: ಆ ಮ್ಯಾಗ್ನೆಟ್ಟಿನ ಒಂದು ತಂತಿ ಕಳಚಿ. ಊದುವುದು ನಿಂತರೆ ತಪ್ಪು ಕೀ ಕಡೆಯದು. ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಇಲ್ಲದಿದ್ದರೆ ಸಂಪರ್ಕಬಿಂದು ಕಿಡಿ ಹಾರಿ ಅಂಟಿಕೊಳ್ಳುತ್ತದೆ. ಡಯೋಡಿನ ಪಟ್ಟೆ ಇರುವ ತುದಿ ಪ್ಲಸ್ ಕಡೆಗಿರಲಿ. ನಿಲ್ಲದಿದ್ದರೆ ಕವಾಟದ ಚರ್ಮಕ್ಕೆ ಮರದ ಪುಡಿ ಸಿಕ್ಕಿದೆ. ಹೊಸ ಪೆಟ್ಟಿಗೆಗೆ ರಂಧ್ರ ಕೊರೆದ ಮೇಲೆ ಇದು ಮಾಮೂಲು.

ತಿದಿಮನೆ:
ತಂತಿ ಕಳಚಿದರೂ ಊದಿತು, ಪುಡಿಯೇ. ತಿದಿಯಲ್ಲಿ 75 ಅಲುಗಲಿಲ್ಲ, ಪೆಟ್ಟಿಗೆಯಲ್ಲಿ 61. ಕೊಳವೆ 75 ಮಿ.ಮೀ. ಸುಕ್ಕಿನದು, 4 ಮೀಟರ್.

ನೀರಿನಂಚು:
ಸುಕ್ಕು ಗಾಳಿಯನ್ನು ತಿನ್ನುತ್ತದೆ. ಒಳಗೋಡೆ ನಯವಾದ 125 ಮಿ.ಮೀ. ಪೈಪ್ ಹಾಕಿ, ಅಡ್ಡಕೊಯ್ತ 2.8 ಪಟ್ಟಾಗುತ್ತದೆ. ತಿರುವುಗಳು ಅಗಲವಾಗಿರಲಿ, ಎರಡೂ ಬಾಯಿಗಳಲ್ಲಿ ಅಂಚು ಚೂಪಾಗಿ ಬಿಡಬೇಡಿ. ಆಮೇಲೂ ಅಲುಗಿದರೆ ಮಾತ್ರ ಪೆಟ್ಟಿಗೆಯ ಬಗಲಿಗೆ ಸ್ಪ್ರಿಂಗಿನ ಪುಟ್ಟ ತಿದಿಯೊಂದನ್ನು ಅಂಟಿಸಿ. ಶ್ರುತಿ ಅದಾದ ಮೇಲೆ.